ಹೊರಗಿನ ಮೂಗು

೨೦೦೧ರ ಏಪ್ರಿಲ್ ತಿಂಗಳಲ್ಲಿ ಮಾರನಹಳ್ಳಿ ಮೇಲಿನ ಎಸ್ಟೇಟಿನಲ್ಲಿ ಕೂಲಿಯವರ ಹಳೇ ಲೈನು ಮನೆಗಳನ್ನು ಕೆಡವಿ, ಅಲ್ಲಿದ್ದ ಮೂರು ಸಂಸಾರಗಳನ್ನು ಔಷಧಿ ಸ್ಟೋರಿಗೆ ಹಾಕಿದರು. ಆ ಸ್ಟೋರಿನಲ್ಲಿ ಇಪ್ಪತ್ತೆರಡು ವರ್ಷ ಬಿಎಚ್‌ಸಿ ಎಂಬ ಹುಳ ಕೊಲ್ಲುವ ಪುಡಿಯ ಮೂಟೆಗಳಿದ್ದವು. ಗೋಡೆಗೆ ಸುಣ್ಣ ಹೊಡೆಸಿದರು. ನೆಲಕ್ಕೆ ತೆಳ್ಳಗೆ ಸಿಮೆಂಟು ಎಳೆಸಿದರು. ನಡುವೆ ಎರಡು ಇಟ್ಟಿಗೆ ಗೋಡೆ ಎಬ್ಬಿಸಿದರು. ಲೈನು ಇದ್ದ ಜಾಗದಲ್ಲಿ ಬೆಂಗಳೂರಿನಿಂದ ಬರುವ ಅತಿಥಿಗಳಿಗೆ ಕೋಣೆಗಳು ಏಳಬೇಕಾಗಿತ್ತು.

ಮೊದಲ ಭಾಗ ಹುಲಿಯಮ್ಮ ಮತ್ತು ಅವಳ ಗಂಡ ಭೂತಯ್ಯನಿಗೆ ಬಂತು. ಹುಲಿಯಮ್ಮ ಒಲೆಗೆ ಕಲ್ಲು ಹೊತ್ತುಕೊಂಡು ಒಳಗೆ ಕಾಲಿಟ್ಟವಳು ಕಲ್ಲನ್ನು ಅಲ್ಲೇ ಹಾಕಿ ಹೊರಗೆ ಬಂದಳು. ಕಣ್ಣಲ್ಲಿ ನೀರು ಬಂದಿತ್ತು. ಮುಗ್ಗಲು ಗೋಣಿಯಂಥ, ಅದರೊಳಗೆ ಏನೋ ಸತ್ತು ಒಣಗಿದಂಥ, ನಾಲಿಗೆಯ ಬುಡದಲ್ಲಿ ಕಹಿಯಾಗಿ ಕೂರುವ ವಾಸನೆ. ಭೂತಯ್ಯನಿಗೆ ಅದು ಹೊಸದಲ್ಲ. ಹತ್ತೊಂಬತ್ತು ವರ್ಷ ಅವನು ಆ ಪುಡಿಯನ್ನು ಬಕೆಟ್ಟಿನಲ್ಲಿ ಕೈಯಿಂದಲೇ ಕಲಸಿ ಕಾಫಿ ಗಿಡದ ಕಾಂಡಕ್ಕೆ ಬಳಿದಿದ್ದ. ಕಾಂಡ ಕೊರೆಯುವ ಹುಳ, ಎಲ್ಲರೂ ಬೋರರ್ ಅನ್ನುವ ಹುಳ, ಅದರಿಂದ ಸಾಯಬೇಕಿತ್ತು. ನಾಲ್ಕು ವರ್ಷದ ಹಿಂದೆ ಸರ್ಕಾರ ಆ ಪುಡಿಯನ್ನೇ ನಿಲ್ಲಿಸಿತು. ಮೂಟೆಗಳು ಹೋದವು. ಗೋಡೆಯ ಬಗ್ಗೆ ಯಾರೂ ಕಾಗದ ಬರೆಯಲಿಲ್ಲ.

"ಎಲ್ಡು ದಿನ ಕಣೆ. ಒಗ್ಗೋಯ್ತದೆ," ಎಂದ ಭೂತಯ್ಯ.

ಎರಡು ದಿನವೂ ಬೇಕಾಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅವಳು ಸೊಪ್ಪು ಸೋಸುತ್ತ ಕೂತಿದ್ದಾಗ, ವಾಸನೆ ಇಲ್ಲವಲ್ಲ ಎಂದು ತಟ್ಟನೆ ಹೊಳೆಯಿತು. ಯಾವಾಗ ಹೋಯಿತೆಂದು ಗೊತ್ತಾಗಿರಲಿಲ್ಲ. ಮತ್ತೆರಡು ದಿನ ಕಳೆದು ಪಕ್ಕದ ಭಾಗದ ಚೆಲುವಮ್ಮ ಗೋಡೆಯಾಚೆಯಿಂದಲೇ ಕೂಗಿ ಹೇಳಿದಳು:

"ಹುಲಿಯಮ್ಮಕ್ಕ, ನೋಡ್ದೇನೆ? ಬೆಲ್ಲದ ಡಬ್ಬಿ ಮುಚ್ಚಳ ತೆಗೆದಿಟ್ಟು ಮೂರು ದಿನ ಆಯ್ತು, ಒಂದ್ ಇರುವೆ ಬಂದಿಲ್ಲ. ಜಿರಳೆ ಇಲ್ಲ, ಹಲ್ಲಿ ಇಲ್ಲ. ಸಾಹುಕಾರ್ರ ಬಂಗ್ಲೇಲೂ ಇಂಥ ಭಾಗ್ಯ ಇಲ್ಲ ಕಣೆ."

ಭೂತಯ್ಯ ನಕ್ಕ. ಹುಲಿಯಮ್ಮ ನಗಲಿಲ್ಲ. ಅವಳು ಸೂರಿನ ಮೂಲೆಗಳನ್ನು ಒಂದೊಂದಾಗಿ ನೋಡಿದಳು. ಜೇಡರ ಬಲೆಯೂ ಇರಲಿಲ್ಲ.

ವಾಸನೆ ಮಾಯವಾದದ್ದಕ್ಕೆ ಅವಳೊಬ್ಬಳೇ ಹೆದರಲು ಕಾರಣವಿತ್ತು. ಎಸ್ಟೇಟಿನಲ್ಲಿ ಅವಳ ಮೂಗಿಗೆ ಒಂದು ಕೆಲಸವಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜ ಲೋಳೆಯ ಸಮೇತ ಪಲ್ಪರ್ ಮನೆಯ ತೊಟ್ಟಿಗೆ ಬೀಳುತ್ತದೆ. ಒಂದು ದಿನ, ಒಂದೂವರೆ ದಿನ ಅಲ್ಲೇ ಹುಳಿ ಬಂದು ಲೋಳೆ ಕಳಚಬೇಕು. ಬೇಗ ತೊಳೆದರೆ ಬೀಜ ಅಂಟುತ್ತದೆ. ತಡವಾದರೆ ಕೊಳೆತ ಈರುಳ್ಳಿಯ ನಾತ ಬೀಜಕ್ಕೇ ಹಿಡಿದು ಇಡೀ ತೊಟ್ಟಿ ಹಾಳು. ಆ ಗಳಿಗೆಯನ್ನು ಮೂಗು ಹಿಡಿಯಬೇಕು. ಆದರೆ ಬೆಳಗಿನಿಂದ ತೊಟ್ಟಿಯ ಪಕ್ಕ ನಿಂತವರಿಗೆ ಹುಳಿಯೂ ಗೊತ್ತಾಗುವುದಿಲ್ಲ, ನಾತವೂ ಗೊತ್ತಾಗುವುದಿಲ್ಲ. ಅದಕ್ಕೇ ಕುಯ್ಲಿನ ಎರಡು ತಿಂಗಳು ಹುಲಿಯಮ್ಮನನ್ನು ಪಲ್ಪರ್ ಮನೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ದೂರದ ಬ್ಲಾಕಿನಲ್ಲಿ ಹಣ್ಣು ಬಿಡಿಸಲು ಹಾಕಿ, ಹೊತ್ತು ನೋಡಿ ಕರೆಸುತ್ತಿದ್ದರು. "ಹೊರಗಿನ ಮೂಗು ಕರ್ಕಂಬರ್ರೋ," ಎಂದು ಎಸ್ಟೇಟಿನ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ನಟರಾಜ್ ಕೂಗುತ್ತಿದ್ದ. ಅವಳು ಬಂದು ಬಾಗಿಲಲ್ಲಿ ನಿಂತು ಒಂದೇ ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. "ತೊಳೀರಿ" ಎಂದರೆ ತೊಳೆಯುತ್ತಿದ್ದರು. "ಇನ್ನೊಂದು ಗಳಿಗೆ" ಎಂದರೆ ಕಾಯುತ್ತಿದ್ದರು. ಎರಡನೆಯ ಉಸಿರನ್ನು ಅವಳು ನಂಬುತ್ತಿರಲಿಲ್ಲ, ನಟರಾಜನೂ ನಂಬುತ್ತಿರಲಿಲ್ಲ.

ಅಂಥವಳು ಈಗ ಇಡೀ ದಿನ, ಇಡೀ ರಾತ್ರಿ ಒಳಗಿದ್ದಳು.

ಮೇ ತಿಂಗಳಲ್ಲಿ ಕುಂದೂರಿಗೆ ಹೋದಳು. ಮಗಳು ಲಕ್ಷ್ಮಿಯನ್ನು ಅಲ್ಲಿಗೆ ಕೊಟ್ಟಿದ್ದರು. ಲಕ್ಷ್ಮಿಗೆ ಆರು ತಿಂಗಳು ತುಂಬಿ ಏಳರಲ್ಲಿತ್ತು. ಚೊಚ್ಚಲ ಹೆರಿಗೆ, ತವರಿಗೆ ಬರಬೇಕು. ಅತ್ತೆಮನೆಯವರು ಜೂನ್ ಕೊನೆಗೆ ಕಳಿಸುತ್ತೇವೆ ಎಂದರು. ಹುಲಿಯಮ್ಮ ನಾಲ್ಕು ದಿನ ಅಲ್ಲಿದ್ದು ಗದ್ದೆಯ ಗಾಳಿ, ಸಗಣಿ, ಹುರುಳಿ ಬೇಯುವ ವಾಸನೆಯಲ್ಲಿ ಓಡಾಡಿ, ಐದನೆಯ ದಿನ ವಾಪಸು ಬಂದು ಸ್ಟೋರಿನ ಕಬ್ಬಿಣದ ಬಾಗಿಲು ತಳ್ಳಿದಳು.

ಮುಖಕ್ಕೆ ಯಾರೋ ಅಂಗೈ ಇಟ್ಟು ಒತ್ತಿದಂತಾಯಿತು.

ಅದು ಎಲ್ಲಿಗೂ ಹೋಗಿರಲಿಲ್ಲ. ಏಪ್ರಿಲ್‌ನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಭೂತಯ್ಯ ಒಳಗೆ ಚಾಪೆಯ ಮೇಲೆ ಮಲಗಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವಳು ಒಲೆ ಹಚ್ಚಿ ನೀರಿಟ್ಟಳು. ಪಾತ್ರೆಯನ್ನೇ ನೋಡುತ್ತ ಮೂಗಿನ ಮೇಲೆ ಕಾವಲು ಕೂತಳು. ತಳದಲ್ಲಿ ಗುಳ್ಳೆ ಎದ್ದಾಗ ವಾಸನೆ ಇತ್ತು. ಅಂಚಿನಲ್ಲಿ ಹಬೆ ಆಡಿದಾಗ ಇದೆಯೋ ಇಲ್ಲವೋ ಅನ್ನುವಂತಿತ್ತು. ನೀರು ಮರಳುವ ಹೊತ್ತಿಗೆ ಬರೀ ಸೌದೆಯ ಹೊಗೆ, ಗಂಡನ ಬೆವರು, ಅಷ್ಟೇ ಉಳಿದಿತ್ತು.

ಎದ್ದು ಕೆಳಗಿನ ಝರಿಯವರೆಗೆ ನಡೆದು, ಮುಖ ತೊಳೆದು, ಬಂಡೆಯ ಮೇಲೆ ಕೂತು ತಿರುಗಿ ಬಂದಳು. ಬಾಗಿಲಲ್ಲಿ ಮತ್ತೆ ಅದೇ ಅಂಗೈ. ಅವತ್ತು ಹಾಗೆ ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ಭೂತಯ್ಯ ಎದ್ದು ಕೂತು, "ಏನೇ ನಿಂದು, ಹಿಡ್ಕಂಡೈತಾ?" ಎಂದ.

"ಐತೆ ಕಣಯ್ಯ ವಾಸ್ನೆ. ನಾವು ಒಳಗಿದ್ದಾಗಲೂ ಐತೆ."

"ಇಲ್ವಲ್ಲೇ."

"ನಿಂಗಿಲ್ಲ."

ಚೆಲುವಮ್ಮನ ಅಕ್ಕನ ಮಗಳು ನಯನಾ ಆಲೂರಿನವಳು, ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಆಲೂರಿನ ಒಂದು ಟೈಲರ್ ಅಂಗಡಿಯ ಹಿಂಭಾಗದಲ್ಲಿ ಎಂಟು ಹತ್ತು ಜನ ವಾರಕ್ಕೊಮ್ಮೆ ಸೇರಿ ಪುಸ್ತಕ ಓದಿ ಜಗಳಾಡುವ ಬಳಗವೊಂದಿತ್ತು, ಅದರಲ್ಲಿ ಅವಳೂ ಒಬ್ಬಳು. ಆ ಭಾನುವಾರ ಚಿಕ್ಕಮ್ಮನನ್ನು ನೋಡಲು ಬಂದವಳು ಬಾಗಿಲಲ್ಲೇ ಸೆರಗು ಮೂಗಿಗೆ ಒತ್ತಿಕೊಂಡಳು. ಹುಲಿಯಮ್ಮ ಅವಳ ಕೈ ಹಿಡಿದು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದಳು.

"ನಿಂಗೆ ಬತ್ತಾ ಐತೆ ಅಲ್ವೇನೆ ಕೂಸೆ? ಹೇಳು. ಇವರೆಲ್ಲ ನಂಗೆ ಹುಚ್ಚು ಅಂತವ್ರೆ."

"ಬರ್ತಾ ಇದೆ ದೊಡ್ಡವ್ವ. ನನಗೂ ಹತ್ತು ನಿಮಿಷ ಅಷ್ಟೆ, ಆಮೇಲೆ ಬರಲ್ಲ. ಎಲ್ಲರ ಮೂಗೂ ಹಾಗೇ."

ಭೂತಯ್ಯ ಟೀ ಲೋಟ ಹಿಡಿದು ಹತ್ತಿರ ಬಂದು ಕೂತ. ಈಚೆಗೆ ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಒಂದೇ ಕೈಯಲ್ಲಿ ಹಿಡಿದರೆ ತುಳುಕುತ್ತಿತ್ತು.

"ಅದುಕ್ಕೇನಾಯ್ತವ್ವ ಈಗ," ಎಂದ. "ಒಗ್ಗೋದು ಒಳ್ಳೇದೇ ತಾನೆ. ಬೋರರ್ ಹುಳಾನೇ ನೋಡು. ಮೊದಲು ಬಕೆಟ್ಟಿಗೆ ಒಂದು ಡಬ್ಬಿ ಪುಡಿ ಹಾಕ್ತಿದ್ವಿ. ಆಮೇಲೆ ಎರಡು. ಕೊನೇಕೆ ಮೂರೂವರೆ ಹಾಕಿದ್ರೂ ಸಾಯ್ತಿರ್ಲಿಲ್ಲ ಬಡ್ಡಿಮಗಂದು. ಒಗ್ಗೋಗಿತ್ತು."

"ಒಗ್ಗಿದ್ದು ಹೇಗೆ ಗೊತ್ತಾ ದೊಡ್ಡಪ್ಪ? ನೀವು ಬಳಿದಾಗ ಸಾವಿರ ಹುಳದಲ್ಲಿ ಒಂಬೈನೂರ ತೊಂಬತ್ತು ಸತ್ತಿರ್ತವೆ. ಹತ್ತು ಹುಳ ಹುಟ್ಟಾ ಗಟ್ಟಿ ಇರ್ತವೆ, ಅವು ಉಳೀತವೆ. ಆ ಹತ್ತೇ ಮರಿ ಮಾಡ್ತವೆ. ಹಂಗೆ ತಲೆಮಾರು ತಲೆಮಾರು ಆಗಿ ಎಲ್ಲಾವೂ ಗಟ್ಟಿ ಆಗ್ತವೆ. ಒಂದೊಂದು ಹುಳ ಅಭ್ಯಾಸ ಮಾಡ್ಕೊಂಡು ಬದುಕಿದ್ದಲ್ಲ. ಸತ್ತು ಸತ್ತು ಉಳಿದಿದ್ದು. ನಿಮ್ಮ ತೋಟದಲ್ಲಿ ಆಗಿದ್ದೂ ಅದೇ ಅಂತ ನಾನು ಆಣೆ ಇಡಲ್ಲ. ಪುಸ್ತಕದಲ್ಲಿ ಹಿಂಗಿದೆ."

"ಮತ್ತೆ ನಮ್ದು?"

"ನಿಮ್ಮದು ಮೂಗು ಮಾತ್ರ. ಮೂಗು ಸುದ್ದಿ ಹೇಳೋದು ನಿಲ್ಲಿಸುತ್ತೆ. ಪುಡಿ ಮೈಯೊಳಗೆ ಹೋಗೋದು ನಿಲ್ಲಲ್ಲ."

ಭೂತಯ್ಯ ಲೋಟ ಕೆಳಗಿಟ್ಟು ಕೈಗಳನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡ. ಕೇಳಿದ:

"ಹತ್ತು ಹುಳ ಗಟ್ಟಿ ಅಂದ್ಯಲ್ಲ. ನಮ್ಮಲ್ಲಿ ಆ ಹತ್ತು ಯಾರು ಅಂತ ಹೆಂಗವ್ವ ಗೊತ್ತಾಗೋದು?"

ಹುಲಿಯಮ್ಮನಿಗೆ ಮಗಳ ಹೊಟ್ಟೆ ನೆನಪಾಯಿತು. ಅವಳಿಗೆ ಆ ಕ್ಷಣದಿಂದ ಬೇರೆ ಯಾವ ಯೋಚನೆಯೂ ಉಳಿಯಲಿಲ್ಲ. ಜೂನ್ ಕೊನೆಗೆ ಲಕ್ಷ್ಮಿ ಬರುತ್ತಾಳೆ. ಅವಳನ್ನು ಮಲಗಿಸುವುದು ಎಲ್ಲಿ? ಹುಟ್ಟಿದ ಕೂಸನ್ನು ಇಡುವುದು ಎಲ್ಲಿ?

ರೈಟರ್ ನಟರಾಜನ ಹತ್ತಿರ ಹೋಗಿ ಕೇಳಿದಳು. ಬಾಣಂತನದ ಮೂರು ತಿಂಗಳಿಗಾದರೂ ಬೇರೆ ಒಂದು ಕೋಣೆ ಕೊಡಿ ಎಂದಳು. ನಟರಾಜ್ ಕೆಟ್ಟ ಮಾತಾಡುವವನಲ್ಲ. ಕುರ್ಚಿಯ ಹಿಂದಕ್ಕೆ ಒರಗಿ, "ಯಾವ್ ಕೋಣೆ ಕೊಡ್ಲಿ ಹುಲಿಯಮ್ಮ, ನೀನೇ ತೋರ್ಸು. ಗೆಸ್ಟ್ ರೂಮ್ ಕೊಡಾನ? ಸುಣ್ಣ ಹೊಡ್ಸಿದೀವಿ, ಸಿಮೆಂಟ್ ಹಾಕ್ಸಿದೀವಿ. ಇನ್ನೊಂಚೂರು ಹೊಂದ್ಕಂಡು ಹೋಗಮ್ಮ," ಎಂದ. ಈ ಬೆಟ್ಟಗಳಲ್ಲಿ ಹೊಂದಿಕೊಂಡು ಹೋಗಿ ಎಂದು ಹೇಳುವವನು ಯಾವತ್ತೂ ಹೊರಗೆ ನಿಂತಿರುತ್ತಾನೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ನಾಲ್ಕನೆಯ ದಿನ ಗೋಡೆ ಬೆವರತೊಡಗಿತು. ಸುಣ್ಣದ ಮೇಲೆ ಹಳದಿ ಕಲೆಗಳು ಮೂಡಿದವು. ಮೊದಲು ನೆಲದ ಹತ್ತಿರ, ಆಮೇಲೆ ಮೇಲೆ ಮೇಲೆ. ಕಲೆಗಳು ಅಡ್ಡಾದಿಡ್ಡಿ ಹರಡಲಿಲ್ಲ. ಮೂಟೆಯ ಮೇಲೆ ಮೂಟೆ ಹೇಗೆ ಪೇರಿಸಿದ್ದರೋ ಹಾಗೇ, ಒಂದೊಂದು ಮೂಟೆಯ ಅಳತೆಗೆ, ಆಳೆತ್ತರದವರೆಗೆ ಎದ್ದು ನಿಂತವು. ಒಂದು ಬೆಳಿಗ್ಗೆ ಹುಲಿಯಮ್ಮ ಎದ್ದು ನೋಡಿದರೆ ಮೂಟೆಗಳೆಲ್ಲ ವಾಪಸು ಬಂದು ಗೋಡೆಗೆ ಒರಗಿ ಕೂತಂತೆ ಕಂಡಿತು. ಬೆರಳಿಂದ ಮುಟ್ಟಿದಳು. ಹಿಟ್ಟಿನಂಥದ್ದು ಅಂಟಿತು. ಬೆರಳನ್ನು ಮೂಗಿಗೆ ಹಿಡಿದಳು. ಏನೂ ಬರಲಿಲ್ಲ. ಬೆರಳನ್ನು ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದಳು.

ಈ ನಡುವೆ ನಯನಾ ಸುಮ್ಮನೆ ಕೂತಿರಲಿಲ್ಲ. ಹುಲಿಯಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿ, ಬಳಗದವರು ಸೇರಿ ಅರ್ಧ ಗಂಟೆಯ ಬೀದಿ ನಾಟಕ ಕಟ್ಟಿದ್ದರು. ಆಲೂರು ಬಸ್ ಸ್ಟ್ಯಾಂಡಿನಲ್ಲಿ ಆಡಿದಾಗ ಹೆಂಗಸರು ಅತ್ತರಂತೆ. ಲಕ್ಷ್ಮಿಯನ್ನು ಕರೆತರಲು ಹೋದ ದಿನ ಕುಂದೂರಿನ ಸಂತೆಯಲ್ಲೂ ಅದೇ ನಾಟಕ. ಹುಲಿಯಮ್ಮ ಮಗಳ ಜೊತೆ ಹಿಂದೆ ನಿಂತು ನೋಡಿದಳು.

ಅವಳ ಪಾತ್ರ ಮಾಡಿದ್ದವಳು ಬಾಗಿಲು ತೆರೆದ ಕೂಡಲೇ ಚೀರಿ, ಎದೆ ಬಡಿದುಕೊಂಡು ಬಿದ್ದಳು. ಹುಲಿಯಮ್ಮ ಯಾವತ್ತೂ ಚೀರಿರಲಿಲ್ಲ. ರೈಟರನ ವೇಷದವನು ಮೀಸೆ ತಿರುವಿ ಕೋಲು ಬೀಸಿದ. ನಟರಾಜನ ಕೈಯಲ್ಲಿ ಯಾವತ್ತೂ ಕೋಲಿರಲಿಲ್ಲ. ಆಮೇಲೆ ಬಟ್ಟೆಯಲ್ಲಿ ಹೊಲಿದ ಮೊಳದುದ್ದದ ಮೂಗು ಕಟ್ಟಿಕೊಂಡು ಒಬ್ಬ ಬಂದ. ಸೊಂಟ ಕುಣಿಸುತ್ತ ಎಲ್ಲರನ್ನೂ ಮೂಸಿದ. ಸಂತೆ ಬಿದ್ದು ಬಿದ್ದು ನಕ್ಕಿತು. ಮೆಣಸಿನಕಾಯಿ ಮಾರುತ್ತಿದ್ದವನು ನಗುತ್ತಲೇ ತೂಕ ಹಾಕುತ್ತಿದ್ದ. ಪುಡಿ ತಿಂದು ಸಾಯುವ ದೃಶ್ಯ ಬಂದಾಗಲೂ ಆ ನಗು ನಿಂತಿರಲಿಲ್ಲ.

ನಾಟಕ ಮುಗಿದ ಮೇಲೆ ನಯನಾ ಬೆವರು ಒರೆಸಿಕೊಳ್ಳುತ್ತ ಬಂದಳು. "ಹೇಗಿತ್ತು ದೊಡ್ಡವ್ವ?"

"ನಾನು ಕಿರುಚಿಲ್ವಲ್ಲ ಕೂಸೆ."

"ಸುಮ್ಮನೆ ನಿಂತ್ರೆ ಹಿಂದಿನೋರಿಗೆ ಏನೂ ಕಾಣಲ್ಲ. ನಡೆದಿದ್ದನ್ನ ಆಟ ಮಾಡುವಾಗ ಒಂಚೂರು ಬದಲಾಯಿಸ್ಬೇಕಾಗುತ್ತೆ. ಆಲೂರಲ್ಲಿ ಮೂಗಿನ ವೇಷ ಇರ್ಲಿಲ್ಲ, ಹೆಂಗಸರು ಅತ್ರು, ಉಳಿದ ಜನ ಅರ್ಧಕ್ಕೇ ಎದ್ದು ಹೋದ್ರು. ಅದಕ್ಕೆ ಹಾಕಿದ್ವಿ."

"ಹೂಂ. ಜನ ಎದ್ದೋಗ್ದಂಗೆ ಮಾಡಿದ್ರಿ." ಹುಲಿಯಮ್ಮ ಸಂತೆಯ ಕಡೆ ನೋಡಿದಳು. "ನಾಳೆ ನಮ್ ಬಾಗ್ಲಿಗೆ ಬಂದ್ರೂ ಮೂಗಿನ ಆಟದೋರ ಮನೆ ಅಂತ ನಗ್ತಾರೆ. ನೀವೂ ಜನಾನ ಒಗ್ಗಿಸ್ಬುಟ್ರಿ ಬುಡವ್ವ."

ನಯನಾಳ ಮುಖ ಸಣ್ಣಗಾಯಿತು. ಆ ಬಟ್ಟೆ ಮೂಗನ್ನು ಅವಳು ಅವತ್ತೇ ಬಿಚ್ಚಿ ಹಾಕಿದಳು. ಮಾರನೆಯ ದಿನ ಬಳಗದ ಎಂಟು ಜನರ ಸಹಿ ಹಾಕಿಸಿ, ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ ಬರೆದಳು. ಅದರಲ್ಲಿ ಚೀರಾಟ ಇರಲಿಲ್ಲ. ಯಾವ ಸ್ಟೋರು, ಯಾವ ಪುಡಿ, ಎಷ್ಟು ವರ್ಷ, ಈಗ ಎಷ್ಟು ಜನ, ಅದರಲ್ಲಿ ಒಬ್ಬಳು ತುಂಬು ಗರ್ಭಿಣಿ. ಅಷ್ಟೇ ಇತ್ತು.

ಸಂತೆಯ ದಿನವೇ ಹುಲಿಯಮ್ಮ ಮತ್ತು ಲಕ್ಷ್ಮಿ ಆಲೂರು, ಸಕಲೇಶಪುರ ಎಂದು ಎರಡು ಬಸ್ಸು ಬದಲಿಸಿ ಮಾರನಹಳ್ಳಿಯಲ್ಲಿ ಇಳಿದು, ಮೇಲಿನ ದಾರಿ ಹಿಡಿದು ನಿಧಾನಕ್ಕೆ ಹತ್ತಿದರು. ಲಕ್ಷ್ಮಿ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಭೂತಯ್ಯ ಬಾಗಿಲಲ್ಲಿ ಕಾಯುತ್ತಿದ್ದ. ಮಗಳನ್ನು ನೋಡಿ ಅವನ ಮುಖ ಅರಳಿತು. "ಬಾ ಮಗ, ಒಳಗ್ ಬಾ," ಎಂದ.

ಲಕ್ಷ್ಮಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿ ವಾಂತಿ ಮಾಡಿದಳು.

"ಅವ್ವ, ಏನವ್ವ ವಾಸ್ನೆ ಇದು? ಇಲ್ಲೆಂಗಿದ್ದೀರಿ?"

ಮಳೆ ಜೋರಾಗಿತ್ತು. ಹೊತ್ತು ಮುಳುಗುತ್ತಿತ್ತು. ಆ ಒಂದು ರಾತ್ರಿ ಒಳಗೇ ಮಲಗಿಸದೆ ಬೇರೆ ದಾರಿ ಕಾಣಲಿಲ್ಲ. ಹುಲಿಯಮ್ಮ ಮಗಳ ಹಾಸಿಗೆಯನ್ನು ಗೋಡೆಯಿಂದ ದೂರ, ಬಾಗಿಲ ಹತ್ತಿರ ಹಾಸಿದಳು. ಬಾಗಿಲನ್ನು ಮುಚ್ಚಗೊಡಲಿಲ್ಲ.

ಬೆಳಗಾಯಿತು. ಹುಲಿಯಮ್ಮ ಮಗಳಿಗೆ ಗಂಜಿ ತಂದಳು. ಲಕ್ಷ್ಮಿ ನಿದ್ದೆಯಲ್ಲಿ ಹೊರಳಿ ಹೊರಳಿ ಗೋಡೆಯ ಪಕ್ಕಕ್ಕೇ ಹೋಗಿದ್ದಳು. ಈಗ ಎದ್ದು ಬೆನ್ನನ್ನು ಆ ಹಳದಿ ಕಲೆಗೆ ಒರಗಿಸಿ ಕಾಲು ಚಾಚಿ ಆರಾಮಾಗಿ ಕೂತಿದ್ದಳು. ಕೂದಲಲ್ಲಿ ಬಿಳಿ ಹಿಟ್ಟು ಹತ್ತಿತ್ತು. ಗಂಜಿ ತೆಗೆದುಕೊಂಡು, ಅವ್ವನಿಗೆ ಸಮಾಧಾನ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು:

"ಈಗೇನೂ ಇಲ್ಲ ಬುಡವ್ವ. ವಾಸ್ನೆ ಹೋಗ್ಬುಡ್ತು."

ಹುಲಿಯಮ್ಮ ಲಕ್ಷ್ಮಿಯ ರಟ್ಟೆ ಹಿಡಿದು ಎಬ್ಬಿಸಿದಳು. ಗಂಜಿ ಚೆಲ್ಲಿತು. "ಏಳು. ಏಳು ಮಗ," ಎಂದಳು. ಮಗಳನ್ನು ಮಳೆಯಲ್ಲೇ ನಿಲ್ಲಿಸಿ ಕೂದಲು ತೊಳೆದಳು. ಚಾಪೆ, ಎರಡು ಪಾತ್ರೆ, ಒಂದು ಕಂಬಳಿ ಕಟ್ಟಿಕೊಂಡು ಪಲ್ಪರ್ ಮನೆಗೆ ನಡೆದಳು. ಕುಯ್ಲಿಲ್ಲದ ಕಾಲ, ಅಲ್ಲಿ ಯಾರೂ ಇರಲಿಲ್ಲ. ಮೂರು ಕಡೆ ಗೋಡೆ, ಮೇಲೆ ಶೀಟು, ಬರಿದಾದ ತೊಟ್ಟಿಗಳು. ತೊಟ್ಟಿಯ ಕಟ್ಟೆಯ ಮೇಲೆ ಮಗಳ ಹಾಸಿಗೆ ಹಾಸಿದಳು. ಎರಚಲು ಹೊಡೆಯುವ ಕಡೆಗೆ ಗೋಣಿ ಕಟ್ಟಿದಳು. ಭೂತಯ್ಯ ಬಂದು ಗೋಣಿಯ ಇನ್ನೊಂದು ತುದಿ ಹಿಡಿದ. ಆದರೆ ಅವನು ಅಲ್ಲಿ ಮಲಗಲಿಲ್ಲ. "ಮನೆ ಬುಟ್ರೆ ಕೊಟ್ಟಿದ್ದನ್ನೂ ಕಿತ್ಕಂತಾರೆ ಕಣೆ," ಎಂದು ಸ್ಟೋರಿಗೇ ಹೋದ.

ಹನ್ನೊಂದು ದಿನ ಹಾಗೆ ನಡೆಯಿತು. ನಟರಾಜ್ ನೋಡಿಯೂ ನೋಡದವನಂತೆ ಇದ್ದ. ಹನ್ನೆರಡನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಕೊಡೆ ಹಿಡಿದು ಪಲ್ಪರ್ ಮನೆಗೆ ಬಂದ. ಹಿಂದೆ ಎಸ್ಟೇಟಿನ ಜೀಪು ಬಂದು ನಿಂತಿತು. ಭೂತಯ್ಯನೂ ಕೆಲಸಕ್ಕೆ ಹೋಗದೆ ಹಿಂದೆಯೇ ಬಂದಿದ್ದ.

ಲಕ್ಷ್ಮಿ ಕಟ್ಟೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಬೆಳಗಿನ ಜಾವದಿಂದ ಸೊಂಟ ಹಿಡಿಯುತ್ತಿದೆ ಎಂದಿದ್ದಳು. ಇನ್ನೂ ದಿನ ತುಂಬಿರಲಿಲ್ಲ. ಹುಲಿಯಮ್ಮ ಬೆನ್ನು ನೀವುತ್ತಿದ್ದಳು. ನೋವು ಬಂದು ಹೋಗುವ ನಡುವಿನ ಹೊತ್ತು ಕಮ್ಮಿಯಾಗುತ್ತಿದೆಯೋ ಎಂದು ಮಗಳ ಮುಖವನ್ನೇ ಕಾಯುತ್ತಿದ್ದಳು.

"ಇವತ್ತು ಹನ್ನೊಂದು ಗಂಟೆಗೆ ಆಫೀಸರ್ ಬರ್ತಾರೆ," ಎಂದ ನಟರಾಜ್. "ಯಾರೋ ಅರ್ಜಿ ಹಾಕವ್ರೆ. ಯಾರು ಅಂತ ನಾನೇನ್ ಕೇಳಲ್ಲ. ಮನೆ ನೋಡ್ತಾರೆ. ವಾಸ್ನೆ ಐತಾ ಇಲ್ವಾ ಅಂತ ಕೇಳ್ತಾರೆ. ನಮ್ಮ ಎಸ್ಟೇಟಲ್ಲಿ ಮೂಗು ಅಂದ್ರೆ ಯಾರು? ನೀನೇ. ಸಾಹುಕಾರ್ರೂ ಅದನ್ನೇ ಹೇಳವ್ರೆ, ಹುಲಿಯಮ್ಮನ್ನೇ ಕೇಳಿ ಅಂತ."

"ನಾನ್ ಸುಳ್ಳು ಹೇಳಲ್ಲ ರೈಟ್ರೆ."

"ಸುಳ್ಳು ಹೇಳು ಅಂತ ಯಾರಂದ್ರು?" ನಟರಾಜ್ ಕೊಡೆ ಮಡಿಸಿ ನೀರು ಕೊಡವಿದ. ದನಿ ಇನ್ನೂ ಮೆತ್ತಗಾಯಿತು. "ಈಗ ಎಂಟು ಗಂಟೆ. ಮಗಳನ್ನ ಕರ್ಕಂಡು ಈಗ್ಲೇ ಮನೆ ಒಳಗೆ ಹೋಗು. ಅಡಿಗೆ ಮಾಡು, ಮಲ್ಕೋ, ಏನಾರ ಮಾಡು. ಹನ್ನೊಂದಕ್ಕೆ ಆಫೀಸರ್ ಬಂದು ಕೇಳಿದಾಗ ನಿನ್ನ ಮೂಗಿಗೆ ಏನು ಬರುತ್ತೋ ಅದನ್ನೇ ಹೇಳು. ನಿಜಾನೇ ಹೇಳು ಮಾರಾಯ್ತಿ. ಅಷ್ಟು ಸಾಕು."

ಹುಲಿಯಮ್ಮ ಮಗಳ ಬೆನ್ನ ಮೇಲಿದ್ದ ಕೈ ನಿಲ್ಲಿಸಿದಳು. ಇವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಹದಿನಾಲ್ಕು ಕುಯ್ಲು ಅವಳ ಮೂಗನ್ನು ಹೊರಗೆ ಇಟ್ಟು ಕಾಪಾಡಿದವನೇ ಇವನು. ಒಳಗೆ ಇಟ್ಟರೆ ಅದು ಎಷ್ಟು ಹೊತ್ತಿಗೆ ಸಾಯುತ್ತದೆ ಎಂಬ ಲೆಕ್ಕ ಅವಳಿಗಿಂತ ಅವನಿಗೆ ಚೆನ್ನಾಗಿ ತಿಳಿದಿತ್ತು.

"ಮಗಳಿಗೆ ನೋವು ಶುರುವಾಗಿರೋ ಹಂಗೈತೆ ರೈಟ್ರೆ," ಎಂದಳು.

"ಅದಕ್ಕೇ ಜೀಪ್ ತಂದಿರೋದು. ಹನ್ನೊಂದೂವರೆಗೆ ಆಫೀಸರ್ ಹೋಗ್ತಾರೆ, ಹನ್ನೆರಡೂವರೆಗೆ ಸಕ್ಲೇಶ್ಪುರದ ಆಸ್ಪತ್ರೆ. ನಾನೇ ಕೂತ್ಕಂಡು ಬರ್ತೀನಿ." ಜೀಪಿನ ಬೀಗದ ಕೈಯನ್ನು ಬೆರಳಿಗೆ ಸುತ್ತಿಕೊಂಡ. "ಇಲ್ಲಾ ಅಂದ್ರೆ ಜೀಪ್ ಬಂಗ್ಲೆಗೆ ಹೋಗ್ಬೇಕು. ಅಲ್ಲೂ ಕೆಲ್ಸ ಐತೆ."

ಕೆಳಗಿನ ಹೆದ್ದಾರಿಗೆ ಎರಡೂವರೆ ಮೈಲಿ. ಮಳೆಗೆ ಕೊರಕಲು ಬಿದ್ದ ದಾರಿ. ಹೊಟ್ಟೆ ಹೊತ್ತ ಹುಡುಗಿ ಇಳಿಯಬೇಕು. ಇಳಿದ ಮೇಲೂ ಲಾರಿಯವನೋ ಬಸ್ಸಿನವನೋ ನಿಲ್ಲಿಸಬೇಕು. ಒಳಗೆ ಹೋದರೆ ಬರೀ ಮೂರು ಗಂಟೆ. ಮೂರು ಗಂಟೆಯಲ್ಲಿ ಏನಾದೀತು ಎಂದು ಒಂದು ಮನಸ್ಸು ಹೇಳಿತು. ಹನ್ನೆರಡು ದಿನದ ಹಿಂದೆ ಒಂದೇ ರಾತ್ರಿ ಎಂದುಕೊಂಡದ್ದೂ ಇದೇ ಮನಸ್ಸು. ಇವತ್ತು ಅಧಿಕಾರಿ ವಾಸನೆ ಇಲ್ಲ ಎಂದು ಬರೆದುಕೊಂಡು ಹೋದರೆ, ನಾಳೆ ಆಸ್ಪತ್ರೆಯಿಂದ ಬರುವ ಕೂಸಿಗೆ ಆ ಗೋಡೆಯೇ ಮನೆ. ಕೂಸಿಗೆ ಅದೇ ಮೊದಲ ಗಾಳಿ. ಅದಕ್ಕೆ ಹೊರಗಿನ ಮೂಗು ಅನ್ನುವುದೇ ಇರುವುದಿಲ್ಲ. ಇದು ವಾಸನೆ ಎಂದು ಅದು ಯಾವತ್ತೂ ತಿಳಿಯುವುದಿಲ್ಲ.

ಅವಳು ಮಗಳ ಸೆರಗು ಸರಿಮಾಡಿ ತಲೆ ಎತ್ತಿದಳು.

"ಆಫೀಸರ್ ಬರ್ಲಿ ರೈಟ್ರೆ. ನಾನ್ ಇಲ್ಲಿಂದ್ಲೇ ಬಾಗ್ಲಿಗೆ ಬತ್ತೀನಿ. ಒಂದೇ ಉಸ್ರು ತಗೊಂಡು ಹೇಳ್ತೀನಿ. ಒಳಗೆ ಹೋಗಿ ಕೂರಲ್ಲ."

ನಟರಾಜ್ ಸಿಟ್ಟು ತೋರಲಿಲ್ಲ. ಅವಳನ್ನು ಬಿಟ್ಟು ಅವಳ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದವನ ಕಡೆ ತಿರುಗಿದ. ಇಪ್ಪತ್ಮೂರು ವರ್ಷದಲ್ಲಿ ಆ ಮನುಷ್ಯ ಯಾವ ಮಾತಿಗೂ ಎದುರು ಹೇಳಿರಲಿಲ್ಲ.

"ಭೂತಯ್ಯ, ಹೆಂಗಸ್ರ ಮಾತು ಬಿಡು. ಆ ಹಾಸಿಗೆ ಸುತ್ತು. ಪಾತ್ರೆ ತಗೊಂಡು ಮನೇಲಿಡು. ಸಾಮಾನು ಹೋದ್ರೆ ಅವ್ರೂ ಹಿಂದೇನೇ ಬರ್ತಾರೆ. ಮಗಳನ್ನ ನೀನೇ ಕೈ ಹಿಡ್ದು ನಡಸ್ಕಂಡ್ ಹೋಗು."

ಭೂತಯ್ಯ ಕಂಬ ಬಿಟ್ಟು ಮುಂದೆ ಬಂದ. ಅವನು ಬಗ್ಗಿ ಚಾಪೆಯ ತುದಿ ಹಿಡಿದ. ಚಾಪೆ ಅವನ ಕೈಯಲ್ಲಿ ಅದುರತೊಡಗಿತು. ಲಕ್ಷ್ಮಿ ಹಲ್ಲು ಕಚ್ಚಿ ಒಂದು ನೋವನ್ನು ನುಂಗಿ ಉಸಿರು ಬಿಟ್ಟಳು. ಅವನು ಮಗಳ ಮುಖ ನೋಡಿದ. ತನ್ನ ಕೈ ನೋಡಿದ. ಆಮೇಲೆ ಚಾಪೆಯ ತುದಿಯನ್ನು ಇದ್ದ ಜಾಗಕ್ಕೇ ಎಳೆದು ಸರಿಮಾಡಿ, ಅದರ ಮೇಲೆ ಮಗಳ ಕಾಲ ಹತ್ತಿರ ಕೂತುಕೊಂಡ.

"ಏನಯ್ಯ," ಎಂದ ನಟರಾಜ್. "ಕೇಳಿಸ್ಲಿಲ್ವ? ಎತ್ತು."

"ಕೇಳಿಸ್ತು ಸ್ವಾಮಿ," ಎಂದ ಭೂತಯ್ಯ, ತಲೆ ಎತ್ತದೆ. "ಎತ್ತಲ್ಲ."